ಟರ್ಕಿಯ ನೀಲಿ ಕಣ್ಣಿನ ಮಣಿ ಮಾಡುವ ಕುಲುಮೆ ನೋಡಿದವರು ಇದ್ದೀರಾ?

ತೋಟದಮನೆ (ಚಿಕ್ಕಮಗಳೂರು):
ಕಾಫಿ ಕೊಯ್ಲು ಮುಗಿಸಿಕೊಂಡು ಏಪ್ರಿಲ್‌ನಲ್ಲಿ ಅಕ್ಕನ ಜೊತೆ ಟರ್ಕಿಗೆ ಹೊರಟಿದ್ದೇನೆ. ದೃಷ್ಟಿ ತಾಗದಿರಲಿ ಅಂತ ಕಟ್ಟುವ ಆ ನೀಲಿ ಗಾಜಿನ ಮಣಿ, ನಜರ್ ಬೊಂಜುಕ್, ಕೈಯಲ್ಲಿ ಮಾಡುವುದನ್ನು ನೋಡಬೇಕು. ಅದರ ಕೀಚೈನ್ ನಮ್ಮ ಎಂ.ಜಿ. ರೋಡಿನಲ್ಲೇ ಸಿಗುತ್ತದೆ, ಅದಕ್ಕಾಗಿ ಅಷ್ಟು ದೂರ ಹೋಗಬೇಕಿಲ್ಲ. ಇಸ್ತಾಂಬುಲ್‌ನಲ್ಲೇ ನೋಡಬಹುದಾ?

ಮಲೆನಾಡಮ್ಮ (ಸಕಲೇಶಪುರ):
ಇಸ್ತಾಂಬುಲ್‌ನ ಬಜಾರಿನಲ್ಲಿ ಮಾರುತ್ತಾರೆ ಅಷ್ಟೇ. ಕುಲುಮೆ ನೋಡಬೇಕಾದರೆ ಇಜ್ಮಿರ್‌ಗೆ ಹೋಗಿ. ವಿಮಾನದಲ್ಲಿ ಒಂದು ಗಂಟೆ ದಾರಿ. ಅಲ್ಲಿ ಎರಡು ಊರುಗಳಿವೆ: ಮೆಂದೆರೆಸ್ ಕಡೆ ಗೊರೆಜೆ, ಕೆಮಾಲ್‌ಪಾಶಾ ಕಡೆ ನಜರ್‌ಕೊಯ್. ನಾನು ನೋಡಿದ್ದು ನಜರ್‌ಕೊಯ್. ಮೊದಲು ಅದರ ಹೆಸರು ಕುರುದೆರೆ ಅಂತಿತ್ತಂತೆ.

ಕುಲುಮೆ ಅಂದರೆ ಮಣ್ಣು, ಇಟ್ಟಿಗೆಯ ಗುಮ್ಮಟ. ಒಳಗೆ ಪೈನ್ ಸೌದೆ ಉರಿಯುತ್ತದೆ. ಸುತ್ತಲೂ ಕಿಂಡಿಗಳು, ಕಿಂಡಿಗೊಬ್ಬರು ಕೂತಿರುತ್ತಾರೆ. ಕರಗಿಸುವುದು ಹೆಚ್ಚಾಗಿ ಹಳೇ ಬಾಟಲಿ, ಒಡೆದ ಗಾಜು. ಆ ಕಡು ನೀಲಿ ಬರುವುದು ಕೋಬಾಲ್ಟ್‌ನಿಂದ, ಅದು ಚೂರೇ ಚೂರು ಸಾಕು.

ಕಬ್ಬಿಣದ ಸರಳಿನ ತುದಿಗೆ ಜೇನಿನ ಹಾಗೆ ಜಗ್ಗುವ ನೀಲಿ ಗಾಜು ಸುತ್ತಿ, ತಿರುಗಿಸುತ್ತಲೇ ಇನ್ನೊಂದು ಕಬ್ಬಿಣದಿಂದ ಒತ್ತುತ್ತಾರೆ. ಮೇಲೆ ಬಿಳಿ ತೊಟ್ಟು, ಅದರ ಮೇಲೆ ತಿಳಿನೀಲಿ, ಕೊನೆಗೆ ಕಪ್ಪು ಚುಕ್ಕೆ. ಸರಳು ಕುಟ್ಟಿದರೆ ಮಣಿ ಕಳಚಿ ಬೀಳುತ್ತದೆ. ಸರಳು ಇದ್ದ ಜಾಗವೇ ದಾರ ಪೋಣಿಸುವ ತೂತು! ನಾನು ಬ್ಯಾಗಿನಿಂದ ಮೊಬೈಲ್ ತೆಗೆಯುವಷ್ಟರಲ್ಲಿ ಒಂದು ಮುಗಿದಿತ್ತು.

ಆದರೆ ಆಗಲೇ ಕೊಡಿ ಅಂದರೆ ಕೊಡುವುದಿಲ್ಲ. ಕುಲುಮೆಯ ಪಕ್ಕದ ಬಿಸಿ ಗೂಡಿನಲ್ಲಿ ನಿಧಾನಕ್ಕೆ ಆರಬೇಕು. ಗಾಳಿಗೆ ಇಟ್ಟರೆ ಟಪ್ ಅಂತ ಸೀಳುತ್ತದೆ.

ಬೆಳಿಗ್ಗೆಯೇ ಹೋಗಿ. ಕಾಟನ್ ಬಟ್ಟೆ ಹಾಕಿ, ಸಿಂಥೆಟಿಕ್ ದುಪಟ್ಟಾ ಬೇಡವೇ ಬೇಡ. ಕಾಫಿ ನಾಡಿನವಳು ಅಂತ ಜಂಭದಿಂದ ಹೇಳಿಕೊಂಡೆ, ಅವರು ಸೊಂಟ ಸಣ್ಣಗಿರುವ ಪುಟ್ಟ ಲೋಟದಲ್ಲಿ ಟೀ ತಂದುಕೊಟ್ಟರು. ಅಲ್ಲಿ ದಿನವಿಡೀ ಅದೇ.

ಬೂದುಗುಂಬಳ (ಹಾಸನ):
ಇಷ್ಟೆಲ್ಲ ಯಾಕೆ? ಬಾಗಿಲಿಗೆ ಒಂದು ಕುಂಬಳಕಾಯಿ ಕಟ್ಟಿದರೆ ಸಾಲದಾ? 😄 ಇರಲಿ, ಕೈಯಲ್ಲಿ ಮಾಡಿದ್ದು ಅಂತ ಗುರುತಿಸೋದು ಹೇಗೆ?

ಮಲೆನಾಡಮ್ಮ (ಸಕಲೇಶಪುರ):
ನಮ್ಮನೆಯಲ್ಲಿ ಕುಂಬಳಕಾಯಿಯೂ ಇದೆ, ಮಣಿಯೂ ಇದೆ. ಉಪ್ಪು ಮೆಣಸಿನಕಾಯಿ ಇಳಿ ತೆಗೆಯೋಕೆ ಅತ್ತೆಯೂ ಇದ್ದಾರೆ. ದೃಷ್ಟಿ ಯಾವ ಕಡೆಯಿಂದ ಬರುತ್ತೆ ಹೇಳೋಕಾಗಲ್ಲ ಅಲ್ವಾ?

ಕೈಯಲ್ಲಿ ಮಾಡಿದ ಎರಡು ಮಣಿ ಒಂದೇ ಥರ ಇರಲ್ಲ. ಕಣ್ಣು ಸ್ವಲ್ಪ ಓರೆ, ಒಳಗೆ ಸಣ್ಣ ಗುಳ್ಳೆ, ತೂತಿನ ಒಳಗೆ ಒರಟು. ಎಲ್ಲವೂ ಅಚ್ಚಿನಲ್ಲಿ ತೆಗೆದಂತೆ ನುಣ್ಣಗಿದ್ದರೆ ಸುಮ್ನೆ ಮುಂದಿನ ಅಂಗಡಿಗೆ ನಡೆಯಿರಿ. ನಾನಂತೂ ಹುಡುಕಿ ಹುಡುಕಿ ಮೆಳ್ಳಗಣ್ಣಿನವನ್ನೇ ಆರಿಸಿದೆ.

ತೋಟದಮನೆ (ಚಿಕ್ಕಮಗಳೂರು):
ಇಜ್ಮಿರ್ ಸೇರಿಸಿಬಿಟ್ಟೆ. ಅಕ್ಕನಿಗೆ ಟೀ ವಿಷಯ ಮಾತ್ರ ಹೇಳಿಲ್ಲ, ಫಿಲ್ಟರ್ ಹೊತ್ತುಕೊಂಡೇ ಬರ್ತಾಳೆ.