ಸಾಮಾಜಿಕ ಉದ್ಯಮಗಳ ಜಾಲಕ್ಕೆ ಸದಸ್ಯರಾದರೆ ನೇಕಾರರ ಕಂಪನಿಗೆ ಸಿಗುವುದೇನು?

ಮಗ್ಗದಮನೆ:
ಎಲ್ಲರಿಗೂ ನಮಸ್ಕಾರ. ಇಳಕಲ್ ಸೀಮೆಯ ಒಂದು ನೇಕಾರ ಉತ್ಪಾದಕರ ಕಂಪನಿಯ ಲೆಕ್ಕಪತ್ರ ನೋಡಿಕೊಳ್ಳುತ್ತೇನೆ. ಷೇರುದಾರರು 64, ನಡೆಯುತ್ತಿರುವ ಮಗ್ಗ 38, ಹೋದ ವರ್ಷದ ವಹಿವಾಟು ₹42 ಲಕ್ಷ. ಮುಕ್ಕಾಲು ಪಾಲು ಸೀರೆ, ಉಳಿದದ್ದು ಸ್ಟೋಲ್ ಮತ್ತು ದಿಂಬಿನ ಕವರ್. ಜರ್ಮನಿಯ ಒಂದು ಅಂಗಡಿಯವರು ಸ್ಯಾಂಪಲ್ ಒಪ್ಪಿಕೊಂಡು, "ನೀವು ಡಬ್ಲ್ಯೂಎಫ್‌ಟಿಒ ಸದಸ್ಯರೇ?" ಎಂದು ಕೇಳಿದ್ದಾರೆ. ಫೇರ್ ಟ್ರೇಡ್ ಫೋರಂ ಇಂಡಿಯಾ, ಕ್ರಾಫ್ಟ್‌ಮಾರ್ಕ್ ಹೆಸರುಗಳನ್ನೂ ಕೇಳಿದ್ದೇವೆ. ನಿರ್ದೇಶಕರಲ್ಲಿ ಇಬ್ಬರು ಸೇರೋಣ ಅನ್ನುತ್ತಾರೆ, ಮೂವರು "ಚಂದಾ ಕಟ್ಟಿ ಸರ್ಟಿಫಿಕೇಟ್ ಗೋಡೆಗೆ ತೂಗುಹಾಕೋದಾ?" ಅನ್ನುತ್ತಾರೆ. ನಿಜವಾದ ಲಾಭ ಏನು, ಕೆಲಸ ಎಷ್ಟು, ಎಲ್ಲಿ ಎಡವುತ್ತೇವೆ? ತಿಳಿದವರು ಬಿಡಿಸಿ ಹೇಳಿ.

ಕೂಡುಲೆಕ್ಕ:
ಮೊದಲು ಹೆಸರುಗಳ ಗೊಂದಲ ಬಿಡಿಸಿಕೊಳ್ಳಿ. ಇವು ಒಂದರ ಬದಲಿಗೆ ಒಂದು ಬಳಸುವಂಥವಲ್ಲ.

ಡಬ್ಲ್ಯೂಎಫ್‌ಟಿಒ (ವಿಶ್ವ ನ್ಯಾಯಯುತ ವ್ಯಾಪಾರ ಸಂಸ್ಥೆ) 1989ರಲ್ಲಿ ಬೇರೆ ಹೆಸರಲ್ಲಿ ಹುಟ್ಟಿದ್ದು, ಕಚೇರಿ ನೆದರ್ಲೆಂಡ್ಸ್‌ನಲ್ಲಿದೆ. ಇದು ನೋಡುವುದು ಇಡೀ ಸಂಸ್ಥೆಯನ್ನು: ಕೂಲಿ, ಪಾರದರ್ಶಕತೆ, ಮಕ್ಕಳ ದುಡಿಮೆ, ಕೆಲಸದ ಜಾಗ, ಪರಿಸರ, ಹೀಗೆ 10 ತತ್ವಗಳು. ಕಾಫಿ, ಚಹಾ, ಹತ್ತಿಯ ಪೊಟ್ಟಣದ ಮೇಲೆ ಕಾಣುವ ಫೇರ್‌ಟ್ರೇಡ್ ಮುದ್ರೆ ಬೇರೆ. ಅದು ಆಯಾ ಸರಕಿನ ಪ್ರಮಾಣಪತ್ರ. ಫೇರ್ ಟ್ರೇಡ್ ಫೋರಂ ಇಂಡಿಯಾ ನಮ್ಮ ದೇಶದೊಳಗಿನ ಜಾಲ, 2000ರಲ್ಲಿ ಶುರುವಾದದ್ದು. ಕ್ರಾಫ್ಟ್‌ಮಾರ್ಕ್ ಹೇಳುವುದು ಮುಖ್ಯವಾಗಿ "ಇದು ಕೈಯಲ್ಲಿ ಮಾಡಿದ್ದು" ಎಂಬುದನ್ನು. ಜರ್ಮನಿಯವರು ಕೇಳಿದ್ದು ಮೊದಲನೆಯದನ್ನು. ಆ ಜಾಗದಲ್ಲಿ ಕ್ರಾಫ್ಟ್‌ಮಾರ್ಕ್ ತೋರಿಸಿದರೆ ಕೇಳಿದ್ದೊಂದು, ಕೊಟ್ಟಿದ್ದೊಂದು ಆಗುತ್ತದೆ.

ನನ್ನ ಪ್ರಕಾರ ದೊಡ್ಡ ಲಾಭ ಮುದ್ರೆಯಲ್ಲಿಲ್ಲ, ಮುಂಗಡದಲ್ಲಿದೆ. ಡಬ್ಲ್ಯೂಎಫ್‌ಟಿಒ ಮಾನದಂಡದಂತೆ, ಕರಕುಶಲ ವಸ್ತುಗಳ ಆರ್ಡರಿಗೆ ಉತ್ಪಾದಕರು ಕೇಳಿದರೆ ಖರೀದಿದಾರ ಕನಿಷ್ಠ 50% ಮುಂಗಡ ಕೊಡಬೇಕು, ಅದೂ ಬಡ್ಡಿಯಿಲ್ಲದೆ. ₹6 ಲಕ್ಷದ ಆರ್ಡರ್ ಎಂದುಕೊಳ್ಳಿ. ನೂಲು, ಬಣ್ಣಕ್ಕೆ ₹2.4 ಲಕ್ಷ, ಕೂಲಿಗೆ ₹2.1 ಲಕ್ಷ, ಒಟ್ಟು ₹4.5 ಲಕ್ಷ ಮೊದಲೇ ಸುರಿಯಬೇಕು. ₹3 ಲಕ್ಷ ಮುಂಗಡ ಬಂದರೆ ನಿಮ್ಮ ಕೈಯಿಂದ ಹೋಗುವುದು ಒಂದೂವರೆ ಲಕ್ಷ. ಆ ₹3 ಲಕ್ಷವನ್ನು 14% ಬಡ್ಡಿಗೆ ನಾಲ್ಕು ತಿಂಗಳು ತಂದಿದ್ದರೆ ₹14,000 ಬಡ್ಡಿಗೇ ಹೋಗುತ್ತಿತ್ತು. ಅದಕ್ಕಿಂತ ಮುಖ್ಯ, ನೂಲಿಗೆ ದುಡ್ಡಿಲ್ಲ ಎಂದು ಮಗ್ಗ ನಿಲ್ಲುವುದು ತಪ್ಪುತ್ತದೆ.

ಈ ನಿಯಮದ ಹಂಗು ಇರುವುದು ಖರೀದಿದಾರರೂ ಅದೇ ಜಾಲದಲ್ಲಿದ್ದರೆ ಮಾತ್ರ. ಜರ್ಮನಿಯವರು ಸದಸ್ಯರೋ, ಬರೀ ಕೇಳಿದರೋ, ಮೊದಲು ಅದನ್ನು ವಿಚಾರಿಸಿ. ಮತ್ತೆ "ಕೇಳಿದರೆ" ಎಂಬ ಮಾತನ್ನು ಮರೆಯಬೇಡಿ. ಕೇಳದವರಿಗೆ ಯಾರೂ ತಾವಾಗಿ ಕಳಿಸುವುದಿಲ್ಲ. ಆರ್ಡರ್ ಪತ್ರದಲ್ಲೇ ಮುಂಗಡ ಎಷ್ಟು, ಬಾಕಿ ಯಾವ ದಾಖಲೆ ತಲುಪಿದ ಮೇಲೆ, ಆರ್ಡರ್ ರದ್ದಾದರೆ ಆಗಿರುವ ಕೆಲಸಕ್ಕೆ ಯಾರು ಹೊಣೆ, ಈ ಮೂರೂ ಬರೆದಿರಬೇಕು.

ಲಾಳಿ_ಕಂಡಿಕಿ:
ಮುಂಗಡದ್ದು ಮ್ಯಾಲಿನವ್ರು ಛಲೋ ಹೇಳ್ಯಾರ. ನಾ ಕೂಲಿ ಲೆಕ್ಕಕ್ಕ ಬರ್ತೀನಿ, ಸದಸ್ಯತ್ವಕ್ಕ ಮಾಡೋ ಆಡಿಟ್‌ನ್ಯಾಗ ಭಾಳ ಮಂದಿ ಮುಗ್ಗರಸೋದು ಇಲ್ಲೇರಿ.

ನೀವು ಸೀರಿಗಿಷ್ಟು ಅಂತ ಮಜೂರಿ ಕೊಡ್ತೀರಿ. ಆಡಿಟರ್ ಕೇಳೋದು ತಾಸಿಗೆಷ್ಟು ಬಿತ್ತು ಅಂತ. ಬರೇ ಲಾಳಿ ಓಡಿದ ಹೊತ್ತು ಹಿಡಿದ್ರ ನಡಿಯಂಗಿಲ್ಲ. ಹಾಸು (ಉದ್ದ ಎಳಿ) ಹೂಡೋದು, ಕೆಚ್ಚೋದು (ಹಳೆ ಎಳಿಗೆ ಹೊಸ ಎಳಿ ಕೂಡಸೋದು), ಸೆರಗಿನ ಹಾಸು ಮೈಯ ಹಾಸಿನ ಜೋಡಿ ಕೊಂಡಿ ಹಾಕಿ ಕೂಡಸೋದು, ಕಂಡಿಕಿ (ಲಾಳಿಯೊಳಗಿನ ನೂಲಿನ ಸುರಳಿ) ಸುತ್ತೋದು ಎಲ್ಲಾ ಸೇರಬೇಕು. ಲೆಕ್ಕದ ರೀತಿ ತಿಳೀಲಿ ಅಂತ ಒಂದು ಉದಾಹರಣಿ: ನೇಯೋದು 22 ತಾಸು, ಉಳಿದ ಕೆಲಸದ ಪಾಲು 4 ತಾಸು, ಒಟ್ಟ 26. ದಿನಗೂಲಿ ₹480 ಅಂತ ಹಿಡಿದ್ರ ತಾಸಿಗೆ ₹60, ಸೀರಿಗೆ ₹1,560 ಆಗಬೇಕು. ನೀವು ₹1,100 ಕೊಡ್ತಿದ್ರ ತಾಸಿಗೆ ₹42 ಬಿತ್ತು. ಅಷ್ಟಕ್ಕ ಅರ್ಜಿ ತಿರಸ್ಕಾರ ಆಗತೈತಿ ಅಂತಲ್ಲ. ಅಂತರ ಎಷ್ಟೈತಿ, ಎಷ್ಟು ವರ್ಷದಾಗ ತುಂಬ್ತೀರಿ ಅಂತ ಬರೆದು ತೋರಸಬೇಕು. ಅಂತರ ಮುಚ್ಚಿಟ್ಟು ಪಟ್ಟಿ ತಿದ್ದಿದ್ರ ಮಾತ್ರ ಕೆಟ್ಟಿರಿ, ಯಾಕಂದ್ರ ಅವರು ನೇಕಾರರನ್ನ ಬ್ಯಾರೆ ಕುಂದರಿಸಿ ಕೇಳತಾರ.

ಹೊತ್ತಿನ ಲೆಕ್ಕ ಒಬ್ಬ ಜಾಣ ನೇಕಾರನ ಮ್ಯಾಲೆ ಮಾಡಬ್ಯಾಡ್ರಿ. ಚುರುಕಿನವ್ರು, ನಡುವಿನವ್ರು, ವಯಸ್ಸಾದವ್ರು ಸೇರಿ ಐದಾರು ಮಂದಿ, ಒಬ್ಬೊಬ್ಬರದು ಎರಡೆರಡು ಸೀರಿ ನೋಡ್ರಿ.

ಇನ್ನೊಂದು. ಮನ್ಯಾಗ ಹುಡುಗ್ರು ಕಂಡಿಕಿ ಸುತ್ತತಾವು, ಸುತ್ತಂಗಿಲ್ಲ ಅಂತ ಬರದ್ರ ಯಾರೂ ನಂಬಂಗಿಲ್ಲ. ಕಸಬು ಕಲಿಯೋ ಹುಡುಗ್ರು ಇದ್ರ ಅದನ್ನ ಮುಚ್ಚಬಾರದು, ಅವರ ಸಾಲಿ, ಆಟ, ಆರೋಗ್ಯಕ್ಕ ಧಕ್ಕಿ ಆಗಬಾರದು, ನಿಗಾ ಇರಬೇಕು ಅಂತ ಡಬ್ಲ್ಯೂಎಫ್‌ಟಿಒ ಮಾನದಂಡನ ಹೇಳತೈತಿ. ನಮ್ಮ ಕಾಯ್ದೆ ಪ್ರಕಾರ 14ರೊಳಗಿನವ್ರು ಸಾಲಿ ಬಿಟ್ಟ ಮ್ಯಾಲೆ, ಇಲ್ಲಾ ರಜಾದಾಗ, ಮನಿಮಂದಿ ಕಸಬಿನಾಗ ಅಷ್ಟ, ಅದೂ ನಿಷೇಧದ ಪಟ್ಟಿಯಾಗ ಇಲ್ಲದ ಕೆಲಸಕ್ಕ ಅಷ್ಟ ಕೈಗೂಡಸಬಹುದು; ನೇಯ್ಗಿ ಕೆಲಸ ಆ ಪಟ್ಟಿಯಾಗ ಬರತೈತೇನು ಅಂತ ಮೊದಲ ವಿಚಾರಸ್ರಿ. ಕಂಪನಿ ಶೆಡ್ಡಿನಾಗ ಕೂಡಿಸಿದ್ರ ಅದು ಮನಿ ಕಸಬು ಆಗಂಗಿಲ್ಲ.

ಮಗ್ಗದಮನೆ:
ಇಬ್ಬರಿಗೂ ಧನ್ಯವಾದ. ನಮ್ಮಲ್ಲಿ ಕೂಲಿ ಪುಸ್ತಕ ಇದೆ, ಆದರೆ ಸಹಿ ಮನೆಯ ಯಜಮಾನರದ್ದು. ನೇಯುವವರಲ್ಲಿ ಅರ್ಧಕ್ಕಿಂತ ಹೆಚ್ಚು ಹೆಣ್ಣುಮಕ್ಕಳು. ಬಣ್ಣ ನಾವು ಹಾಕುವುದಿಲ್ಲ, ಹೊರಗೆ ಒಬ್ಬರ ಕಡೆ ಕೊಡುತ್ತೇವೆ. ಇವೆರಡೂ ತೊಡಕಾಗುತ್ತವೆಯೇ? ಜಾಲದಿಂದ ಅನುದಾನವೂ ಬರುತ್ತದೆ ಎಂದು ಒಬ್ಬ ನಿರ್ದೇಶಕರು ಹೇಳುತ್ತಿದ್ದಾರೆ, ಅದು ನಿಜವೇ?

ಕಾಯ್ದೆಕಟ್ಟು:
ಅನುದಾನದ ಆಸೆಯಿಂದ ಸೇರುವುದಾದರೆ ಸೇರಲೇಬೇಡಿ. ಮೊದಲು ಕೆಲವು ಜಾಲಗಳು ಹೊರದೇಶದ ದೇಣಿಗೆ ತಂದು ಸದಸ್ಯರಿಗೆ ಹಂಚುವುದಿತ್ತು. 2020ರ ಸೆಪ್ಟೆಂಬರ್‌ನ ಎಫ್‌ಸಿಆರ್‌ಎ (ವಿದೇಶಿ ದೇಣಿಗೆ ನಿಯಂತ್ರಣ ಕಾಯ್ದೆ) ತಿದ್ದುಪಡಿಯ ನಂತರ ವಿದೇಶಿ ದೇಣಿಗೆಯನ್ನು ಇನ್ನೊಂದು ಸಂಸ್ಥೆಗೆ ದಾಟಿಸುವಂತಿಲ್ಲ, ದಾಟಿಸಿಕೊಳ್ಳುವವರಿಗೆ ಎಫ್‌ಸಿಆರ್‌ಎ ನೋಂದಣಿ ಇದ್ದರೂ ಸರಿ. ಸಿಎಸ್‌ಆರ್ ಹಣವೂ (ಕಂಪನಿಗಳು ಸಾಮಾಜಿಕ ಕೆಲಸಕ್ಕೆಂದು ಕೊಡುವುದು) ಅನುದಾನವಾಗಿ ನಿಮ್ಮ ಖಾತೆಗೆ ಬರುವ ದಾರಿಯಿಲ್ಲ. ಅದನ್ನು ಪಡೆಯಲು ಬೇಕಾದ ಸಿಎಸ್‌ಆರ್-1 ನೋಂದಣಿ ಟ್ರಸ್ಟ್, ಸೊಸೈಟಿ, ಸೆಕ್ಷನ್ 8 (ಲಾಭ ಹಂಚದ) ಕಂಪನಿಯಂಥವಕ್ಕೆ. ಉತ್ಪಾದಕರ ಕಂಪನಿ ಅದರಲ್ಲಿ ಬರುವುದಿಲ್ಲ. ಹೆಚ್ಚೆಂದರೆ ಜಾಲವೇ ಆ ಹಣದಲ್ಲಿ ತರಬೇತಿ ನಡೆಸಿ ನಿಮ್ಮವರನ್ನು ಕರೆಯಬಹುದು.

ಖರೀದಿದಾರರು ಕಳಿಸುವ ಮುಂಗಡ ವ್ಯಾಪಾರದ ಹಣ, ದೇಣಿಗೆಯಲ್ಲ. ಅದಕ್ಕೆ ಪ್ರೊಫಾರ್ಮಾ ಇನ್‌ವಾಯ್ಸ್ (ಸರಕು ಕಳಿಸುವ ಮೊದಲೇ ಕೊಡುವ ಅಂದಾಜು ಬಿಲ್ಲು) ಇರಲಿ, ಬ್ಯಾಂಕಿಗೆ "ರಫ್ತಿನ ಮುಂಗಡ" ಎಂದೇ ಹೇಳಿ. ತೊಂದರೆ ಬರುವುದು ಬೇರೆ ಕಡೆ. ಕೆಲವರು ಪ್ರೀತಿಯಿಂದ "ನೇಕಾರರ ಮಕ್ಕಳ ಶಾಲೆಗೆ ಇಟ್ಟುಕೊಳ್ಳಿ" ಎಂದು ಬಿಲ್ಲಿನ ಮೇಲೆ ನೂರಿನ್ನೂರು ಯೂರೋ ಸೇರಿಸಿ ಕಳಿಸುತ್ತಾರೆ. ಸರಕಿಗೆ ಸಂಬಂಧವಿಲ್ಲದ ಆ ಹಣ ವಿದೇಶಿ ದೇಣಿಗೆ ಎನಿಸಿಕೊಳ್ಳುತ್ತದೆ. ಕೊಡುವ ಮನಸ್ಸಿದ್ದರೆ ಸ್ಟೋಲಿನ ದರದಲ್ಲೇ ಸೇರಿಸಿ ಕೊಡಲಿ, ನೀವು ಲಾಭದಿಂದ ಖರ್ಚು ಮಾಡಿ.

ಹೊರದೇಶಕ್ಕೆ ಚಂದಾ ಕಟ್ಟುವಾಗ ಬ್ಯಾಂಕು ಎ-2 ಫಾರ್ಮ್ (ಹೊರಗೆ ಹಣ ಕಳಿಸುವ ಅರ್ಜಿ) ಕೇಳುತ್ತದೆ. ನಿಮಗೆ ಜಿಎಸ್‌ಟಿ ನೋಂದಣಿ ಇದ್ದರೆ ರಿವರ್ಸ್ ಚಾರ್ಜ್‌ನಲ್ಲಿ (ಸೇವೆ ಪಡೆದವರೇ ತೆರಿಗೆ ಕಟ್ಟುವ ಪದ್ಧತಿ) ತೆರಿಗೆಯೂ ಬೀಳಬಹುದು. ಎರಡನ್ನೂ ಲೆಕ್ಕಪರಿಶೋಧಕರ ಹತ್ತಿರ ಮೊದಲೇ ಮಾತಾಡಿ, ವರ್ಷದ ಕೊನೆಗೆ ನೆನಪಾದರೆ ಬಡ್ಡಿ ಸಮೇತ ಕಟ್ಟಬೇಕು.

ಒಂದು ಮಾತು ಸೇರಿಸುತ್ತೇನೆ, ಚಂದಾ ಇಲ್ಲದ ಸದಸ್ಯತ್ವವೊಂದಿದೆ: ಉದ್ಯಮ್, ಅಂದರೆ ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ. ದೇಶದೊಳಗಿನ ಅಂಗಡಿಗಳು ದುಡ್ಡು ತಡಮಾಡುವುದೇ ನಿಮ್ಮ ತಲೆನೋವಾದರೆ ಅದೇ ಹೆಚ್ಚು ಕೆಲಸಕ್ಕೆ ಬರುತ್ತದೆ. ಲಿಖಿತ ಒಪ್ಪಂದವಿದ್ದರೆ ಹೆಚ್ಚೆಂದರೆ 45 ದಿನ, ಇಲ್ಲದಿದ್ದರೆ 15 ದಿನದೊಳಗೆ ಹಣ ಬರಬೇಕು. 2023ರಲ್ಲಿ ಆದಾಯ ತೆರಿಗೆಗೆ ಸೇರಿದ ನಿಯಮದ ಪ್ರಕಾರ, ಗಡುವು ಮೀರಿದ ಖರೀದಿದಾರರಿಗೆ ಆ ಖರ್ಚಿನ ವಿನಾಯಿತಿ ಆ ವರ್ಷ ಸಿಗದೆ ಹೋಗಬಹುದು. ಬಿಲ್ಲಿನ ಮೇಲೆ ಉದ್ಯಮ್ ಸಂಖ್ಯೆ ಅಚ್ಚಾಗಿರಲಿ.

ಕೂಡುಲೆಕ್ಕ:
ಬಣ್ಣದ್ದು ತೊಡಕೇ. ಡೈಯಿಂಗ್‌ನವರು ನಿಮ್ಮ ನೌಕರರಲ್ಲ, ನಿಜ. ಆದರೆ ನಿಮ್ಮ ಸರಬರಾಜು ಸರಪಳಿಯಲ್ಲಿದ್ದಾರೆ. ಅವರ ಕೆಲಸದ ಜಾಗ, ಕೈಗವಸು, ಬಣ್ಣದ ನೀರು ಎಲ್ಲಿಗೆ ಹರಿಯುತ್ತದೆ ಎಂಬ ಪ್ರಶ್ನೆ ನಿಮ್ಮ ತನಕ ಬರುತ್ತದೆ. ಅದಕ್ಕೂ ಮೊದಲು ಯುರೋಪಿನ ಕಾಯ್ದೆ ಇದೆ: ನಿಷೇಧಿತ ಅಜೋ ಬಣ್ಣಗಳಿಂದ (ಒಂದು ಬಗೆಯ ರಾಸಾಯನಿಕ ಬಣ್ಣ) ಹೊರಬೀಳುವ ಅಮೀನುಗಳೆಂಬ ಹಾನಿಕರ ರಾಸಾಯನಿಕಗಳು ಬಟ್ಟೆಯಲ್ಲಿ ಕಿಲೋಗೆ 30 ಮಿಲಿಗ್ರಾಂ ಮೀರಬಾರದು. ಸದಸ್ಯತ್ವ ಇರಲಿ ಬಿಡಲಿ, ಇದು ತಪ್ಪದು. ಪ್ರತಿ ಬಣ್ಣದ ಲಾಟಿಗೆ ಪುಡಿಯ ಹೆಸರು, ಕಂಪನಿ, ಬ್ಯಾಚ್ ಸಂಖ್ಯೆ ಬರೆದ ಚೀಟಿಯನ್ನು ಲಡಿಯ ಜೊತೆಗೇ ಕಟ್ಟಿ ಕಳಿಸಲು ಹೇಳಿ. ಸ್ಯಾಂಪಲ್ಲಿಗೆ ಒಳ್ಳೆಯ ಪುಡಿ, ಆರ್ಡರಿಗೆ ಸಂತೆಯ ಬಿಡಿ ಪುಡಿ, ಎಲ್ಲ ಕೆಡುವುದೇ ಇಲ್ಲಿ. ಪರೀಕ್ಷಾ ವರದಿ ಒಂದು ಬ್ಯಾಚಿನದ್ದಾಗಿ, ಹಡಗು ಹತ್ತುವ ಸರಕು ಇನ್ನೊಂದು ಬ್ಯಾಚಿನದ್ದಾಗಿರುತ್ತದೆ.

ಸಹಿಯ ವಿಷಯ ಇವತ್ತೇ ಬದಲಿಸಬಹುದು. ನೇಯ್ದವರ ಹೆಸರಲ್ಲೇ ಪಾಸ್‌ಬುಕ್, ಅವರ ಖಾತೆಗೇ ಕೂಲಿ. ಯಜಮಾನರ ಖಾತೆಗೆ ಹೋಗುವ ದುಡ್ಡಿನಿಂದ "ಮಹಿಳಾ ನೇಕಾರರಿಗೆ ನ್ಯಾಯಯುತ ಕೂಲಿ" ಎಂದು ಬರೆದುಕೊಳ್ಳಲು ಬರುವುದಿಲ್ಲ. ಷೇರು ಪಟ್ಟಿಯನ್ನೂ ನೋಡಿ. ನೇಯುವವರು ಹೆಣ್ಣುಮಕ್ಕಳಾಗಿ ಷೇರುದಾರರೆಲ್ಲ ಗಂಡಸರಾಗಿದ್ದರೆ ಆ ಪ್ರಶ್ನೆ ಖಂಡಿತ ಬರುತ್ತದೆ.

ಇನ್ನು ಖರ್ಚು. ಚಂದಾ ವಹಿವಾಟಿನ ಮೇಲೆ ನಿಂತಿರುತ್ತದೆ, ನಿಮ್ಮ ಅಂಕಿ ಕೊಟ್ಟು ಬರವಣಿಗೆಯಲ್ಲಿ ಕೇಳಿ ತರಿಸಿಕೊಳ್ಳಿ. ನಾನು ಕೆಳಗೆ ಹಾಕುವುದು ಊಹೆಯ ಅಂಕಿ. ಚಂದಾ ₹40,000. ದಾಖಲೆ ಕೆಲಸಕ್ಕೆ ವರ್ಷಕ್ಕೆ 25 ಆಳುದಿನ, ದಿನಕ್ಕೆ ₹900ರಂತೆ ₹22,500. ಆಡಿಟರ್ ಬಂದುಹೋಗುವ ₹30,000ವನ್ನು ಮೂರು ವರ್ಷಕ್ಕೆ ಹಂಚಿದರೆ ₹10,000. ಕೂಡಿದರೆ ₹72,500. ರಫ್ತಿನಲ್ಲಿ ನಿಮಗೆ ಉಳಿಯುವುದು 18% ಆದರೆ, ಈ ಖರ್ಚು ಹುಟ್ಟಲು ವರ್ಷಕ್ಕೆ ₹4 ಲಕ್ಷದಷ್ಟು ಹೊಸ ವ್ಯಾಪಾರ ಬೇಕು, ಮುಂಗಡದಿಂದ ಉಳಿದ ಬಡ್ಡಿ ಕಳೆದರೆ ಇನ್ನಷ್ಟು ಕಡಿಮೆ. ಜರ್ಮನಿಯ ಅಂಗಡಿಯದು ಒಂದೇ ಒಂದು ಲಕ್ಷದ ಆರ್ಡರ್ ಆದರೆ ನಿಮ್ಮ ಮೂವರು ನಿರ್ದೇಶಕರ ಮಾತೇ ಸರಿ.

ನಾನಾದರೆ ಹೀಗೆ ಮಾಡುತ್ತೇನೆ. ಡಬ್ಲ್ಯೂಎಫ್‌ಟಿಒದ ಸ್ವಯಂ ಮೌಲ್ಯಮಾಪನದ ನಮೂನೆ ಹಿಡಿದು, ಅರ್ಜಿ ಹಾಕುವ ಮೊದಲೇ ಕನ್ನಡದಲ್ಲಿ ತುಂಬಿಸಿ, ಮಂಡಳಿ ಸಭೆಯಲ್ಲಿ ಓದುತ್ತೇನೆ. ಉತ್ತರ ಸಿಗದ ಪ್ರಶ್ನೆಗಳಿಗೆ ಆರು ತಿಂಗಳ ಕೆಲಸ ಹಂಚುತ್ತೇನೆ. ಅಷ್ಟರಲ್ಲಿ ದೇಶದ ಜಾಲದವರನ್ನು ಮಾತಾಡಿಸಿ, ನಮ್ಮಷ್ಟೇ ಗಾತ್ರದ ಇಬ್ಬರು ಸದಸ್ಯರಿಗೆ ಫೋನ್ ಹಚ್ಚಿ ಎರಡೇ ಪ್ರಶ್ನೆ ಕೇಳುತ್ತೇನೆ: ಹೋದ ವರ್ಷ ಜಾಲದ ಮೂಲಕ ಎಷ್ಟು ಆರ್ಡರ್ ಬಂತು, ಎಷ್ಟರಲ್ಲಿ ಮುಂಗಡ ಸಿಕ್ಕಿತು. ಜರ್ಮನಿಯವರಿಗೆ ಇವತ್ತೇ ನಿಜ ಬರೆಯಿರಿ, "ಸದಸ್ಯರಲ್ಲ, ಮೌಲ್ಯಮಾಪನ ಶುರು ಮಾಡಿದ್ದೇವೆ" ಎಂದು. ಸಣ್ಣ ಮೊದಲ ಆರ್ಡರಿಗೆ ಅಷ್ಟು ಸಾಕೆನ್ನುವವರೂ ಇದ್ದಾರೆ.

ಲಾಳಿ_ಕಂಡಿಕಿ:
ಒಂದು ಮರತಿದ್ದೆ. ಪರಿಶೀಲನೆ ಪೂರಾ ಮುಗಿಯೋತನ ಮಾಲಿನ ಮ್ಯಾಲೆ ಆ ಮುದ್ರಿ ಹಚ್ಚಂಗಿಲ್ಲ. ಮುಗದ ಮ್ಯಾಲೂ ಲೇಬಲ್ ಒಮ್ಮೆಗೇ ಐದು ಸಾವಿರ ಅಚ್ಚು ಹಾಕಸಬ್ಯಾಡ್ರಿ, ಚಂದಾ ತಪ್ಪಿದ್ರ ಹಕ್ಕು ಹೋಕ್ಕೈತಿ, ಲೇಬಲ್ ರದ್ದಿಗೆ ಹೋಗತಾವು. ದೀಪಾವಳಿ ಹೊತ್ನ್ಯಾಗ ಮಾಲು ಸಾಲದಂತ ಹೊರಗಿನ ವ್ಯಾಪಾರಿ ಕಡೆ ಸೀರಿ ತಂದು ಅದಕ್ಕೂ ಅದ ಲೇಬಲ್ ಹಚ್ಚೋದು ಇನ್ನೂ ಕೆಟ್ಟದ್ದು. ಸ್ಟಾಕ್ ಪುಸ್ತಕದಾಗ ಮಗ್ಗದ ನಂಬರ್ ಹಾಕ್ರಿ, 38 ಮಗ್ಗಕ್ಕ ತಿಂಗಳಿಗೆ ಎಷ್ಟು ಸೀರಿ ಇಳೀತಾವು ಅನ್ನೋದು ಆಡಿಟರ್‌ಗೂ ಲೆಕ್ಕ ಬರತೈತಿ.

ಮಗ್ಗದಮನೆ:
ಜರ್ಮನಿಯವರಿಗೆ ಪತ್ರ ಬರೆದೆ. ನಾಳೆಯಿಂದ ಆರು ಮಗ್ಗಗಳಲ್ಲಿ ಹೊತ್ತಿನ ಲೆಕ್ಕ ಶುರು ಮಾಡುತ್ತೇವೆ. ಬಣ್ಣದವರ ಚೀಟಿಯ ನಮೂನೆ ಯಾರ ಹತ್ತಿರವಾದರೂ ಇದ್ದರೆ ಇಲ್ಲಿ ಹಾಕಿ.