ಅಣ್ಣಾ, ಆ 50% ಕೈಗೆ ಬರೋ ದುಡ್ಡಲ್ಲ

ಅಣ್ಣಾ, ಬೆಳಿಗ್ಗೆ ಗ್ರೂಪಿಗೆ ಹಾಕಿದ್ಯಲ್ಲ, ‘ಬೆಲ್ಲ ಆನ್‌ಲೈನಲ್ಲಿ ಮಾರೋರಿಗೆ ಸರ್ಕಾರದ 50% ಸಬ್ಸಿಡಿ, ಫೈಲ್ ಮಾಡಿಸೋಕೆ ಹತ್ತು ಸಾವಿರ’ ಅಂತ, ಅದಕ್ಕೇ ಹೇಳ್ತಿದ್ದೀನಿ. ಟೈಪ್ ಮಾಡ್ತಾ ಕೂರೋಕಾಗಲ್ಲ, ಸ್ವಲ್ಪ ಉದ್ದ ಆಗುತ್ತೆ, ಕೇಳಿಸ್ಕೋ. ಮೊದಲು ಆ ಹತ್ತು ಸಾವಿರ ಯಾರಿಗೂ ಕೊಡಬೇಡ.

50% ಅನ್ನೋದು ಪೂರ್ತಿ ಸುಳ್ಳಲ್ಲ. 2020ರಲ್ಲಿ ಬಂದ ಪಿಎಂಎಫ್‌ಎಂಇ ಯೋಜನೆ ಅದು, ಕಿರು ಆಹಾರ ಸಂಸ್ಕರಣಾ ಘಟಕಗಳಿಗೆ. ಕೇಂದ್ರದ ನಿಯಮದಲ್ಲಿ ಘಟಕದ ಖರ್ಚಿನ 35%, ಹತ್ತು ಲಕ್ಷದವರೆಗೆ. ನಮ್ಮ ರಾಜ್ಯದೋರು ಮೇಲೆ 15% ಸೇರಿಸಿ 50% ಮಾಡಿದ್ರು, 15 ಲಕ್ಷದ ಮಿತಿ. ಮಂಡ್ಯಕ್ಕೆ ‘ಒಂದು ಜಿಲ್ಲೆ ಒಂದು ಉತ್ಪನ್ನ’ ಅಂತ ಗುರುತಿಸಿರೋದೂ ಬೆಲ್ಲಾನೇ.

ಆದ್ರೆ ಅದು ಮಾರೋದಕ್ಕೆ ಕೊಡೋ ದುಡ್ಡಲ್ಲ ಕಣಣ್ಣ, ಮಾಡೋದಕ್ಕೆ. ಕೊಪ್ಪರಿಗೆ, ಪುಡಿ ಮಾಡೋ ಯಂತ್ರ, ಪ್ಯಾಕಿಂಗ್ ಮಿಷನ್ನು, ಇಂಥದ್ದಕ್ಕೆ ಬ್ಯಾಂಕಲ್ಲಿ ಸಾಲ ತಗೋಬೇಕು, 10% ಆದ್ರೂ ನಿನ್ನ ಕೈಯಿಂದ ಹಾಕಬೇಕು. ಸಬ್ಸಿಡಿ ಬ್ಯಾಂಕಿಗೇ ಹೋಗಿ ಬೇರೆ ಖಾತೇಲಿ ಕೂತಿರುತ್ತೆ. ಮೂರು ವರ್ಷ ಘಟಕ ನಡೀತಿದ್ದು, ಕಂತು ಸರಿಯಾಗಿ ಕಟ್ಟಿದ್ರೆ ಆಮೇಲೆ ಸಾಲಕ್ಕೆ ಜಮಾ. ಅಷ್ಟು ಭಾಗಕ್ಕೆ ಬಡ್ಡಿ ಹಾಕಲ್ಲ, ಅದೊಂದು ಅನುಕೂಲ. ಕೊರಿಯರ್ ಖರ್ಚಿಗೆ ಇದರಲ್ಲಿ ಬಿಡಿಗಾಸೂ ಇಲ್ಲ. ಒಂದು ಕೆಜಿ ಬೆಲ್ಲ ಬೆಂಗಳೂರಿಗೆ ಕಳಿಸೋಕೆ ಎಷ್ಟಾಗುತ್ತೆ ಅಂತ ಮೊದಲು ಕೇಳಿ ಬಾ, ಎದೆ ಧಸಕ್ ಅನ್ನುತ್ತೆ.

ಬ್ರ್ಯಾಂಡಿಂಗಿಗೆ, ಮಾರುಕಟ್ಟೆಗೆ 50% ಅನುದಾನ ಇರೋದು ನಿಜ, ಆದ್ರೆ ಅದು ಸಂಘ, ಎಫ್‌ಪಿಒ ಅಂದ್ರೆ ರೈತರೇ ಸೇರಿ ಮಾಡ್ಕೊಂಡಿರೋ ಕಂಪನಿ, ಸಹಕಾರಿ, ಇಂಥೋರಿಗೆ. ಒಂಟಿ ಆಲೆಮನೆಗೆ ಸಿಗಲ್ಲ. ಅತ್ತಿಗೆ ಸ್ತ್ರೀಶಕ್ತಿ ಸಂಘದಲ್ಲಿದ್ದಾರಲ್ಲ, ಬೆಲ್ಲದ ಪುಡಿ ಕೆಲಸ ಸಂಘದಿಂದ್ಲೇ ಮಾಡೋದಾದ್ರೆ ಪ್ರತಿ ಸದಸ್ಯೆಗೆ 40,000ದವರೆಗೆ ಬೀಜಧನ ಇದೆ. ನನಗಂತೂ ಇದೇ ಒಳ್ಳೇ ದಾರಿ ಅನ್ನಿಸುತ್ತೆ. ಸಾಲದ ಭಾರ ಒಬ್ಬನ ತಲೆ ಮೇಲೆ ಬೀಳಲ್ಲ.

ಇನ್ನೊಂದು. ಮಂಡಿಯೋರು ಹಳದಿ ಬಣ್ಣ ನೋಡಿ ರೇಟು ಕಟ್ತಾರೆ ಅಂತ ನೀನು ಪಾಕಕ್ಕೆ ಬಣ್ಣ ತಿಳಿ ಮಾಡೋ ಹೈಡ್ರೋಸ್ ಪುಡಿ ಹಾಕ್ತೀಯಲ್ಲ, ಆನ್‌ಲೈನಲ್ಲಿ ತಗೊಳ್ಳೋರು ಕೇಳೋದು ಕಂದು ಬೆಲ್ಲ, ರಾಸಾಯನಿಕ ಇಲ್ಲದ್ದು. ಪುಡೀನೇ ಮಾಡು. ಅಚ್ಚು ಬೆಲ್ಲ ಮಳೆಗಾಲದಲ್ಲಿ ಬೆವರಿ, ಪೆಟ್ಟಿಗೆ ತಳ ಅಂಟಂಟಾಗಿ, ಗಿರಾಕಿ ಅದರ ಫೋಟೋ ಹಾಕಿ ಒಂದು ಸ್ಟಾರ್ ಕೊಟ್ಟು ಹೋಗ್ತಾನೆ.

ಎಫ್‌ಎಸ್‌ಎಸ್‌ಎಐ, ಅದೇ ಆಹಾರ ಸುರಕ್ಷತೆ ನೋಡ್ಕೊಳ್ಳೋ ಕೇಂದ್ರದ ಸಂಸ್ಥೆ, ಅದರ ನೋಂದಣಿ ಈಗ್ಲೇ ಮಾಡಿಸು, ಸಣ್ಣೋರಿಗೆ ವರ್ಷಕ್ಕೆ ನೂರು ರೂಪಾಯಿ. ಆ ಹದಿನಾಲ್ಕು ಅಂಕಿ ನಂಬರು ಪ್ಯಾಕೆಟ್ ಮೇಲೆ ಇಲ್ದಿದ್ರೆ ಯಾವ ಆ್ಯಪೂ ಸೇರಿಸ್ಕೊಳ್ಳಲ್ಲ.

ಫೈಲ್ ಮಾಡಿಕೊಡೋಕೆ ಜಿಲ್ಲಾ ಸಂಪನ್ಮೂಲ ವ್ಯಕ್ತಿ ಅಂತ ಇರ್ತಾರೆ, ಅವರಿಗೆ ಸರ್ಕಾರಾನೇ ಸಂಭಾವನೆ ಕೊಡುತ್ತೆ. ಯೋಜನೇನ 2025-26ರವರೆಗೆ ಅಂತ ಮುಂದುವರಿಸಿದ್ರು, ಅದಕ್ಕೇ ಈಗ ಅರ್ಜಿ ತಗೋತಿದ್ದಾರಾ ಅಂತ ಕೃಷಿ ಇಲಾಖೇಲಿ ಕೇಳ್ಕೊಂಡೇ ಮುಂದಿನ ಹೆಜ್ಜೆ ಇಡು. ಬುಧವಾರ ನಾನು ಆ ಕಡೆ ಹೋಗ್ತೀನಿ, ಬರೋದಾದ್ರೆ ಅತ್ತಿಗೇನೂ ಕರ್ಕೊಂಡು ಬಾ, ಸಂಘದ ಪಾಸ್‌ಬುಕ್ ಮರೀಬೇಡಿ.