ಝೂಮ್‌ನಲ್ಲಿ ಪಾಠ ಶುರುವಾದ ಕೂಡಲೇ ಎನ್‌ವಿಡಿಎ ಮಾತು ನಿಲ್ಲಿಸುತ್ತದೆ, ಯಾರಿಗಾದರೂ ಹೀಗಾಗಿದೆಯಾ?

ಧಾರವಾಡ_ಖಯಾಲ್
ಎಲ್ಲರಿಗೂ ನಮಸ್ಕಾರ. ತಲೆ ಕೆಟ್ಟು ಹೋಗಿದೆ. ನಾನು ಹಿಂದೂಸ್ತಾನಿ ಗಾಯನ ಕಲಿಸುತ್ತೇನೆ. ನ್ಯೂಜೆರ್ಸಿಯ ಕನ್ನಡ ಮಕ್ಕಳಿಗೆ ನಮ್ಮ ಬೆಳಗ್ಗೆ 6 ಗಂಟೆಗೆ ಝೂಮ್‌ನಲ್ಲಿ ಪಾಠ. ನನಗೆ ಕಣ್ಣು ಕಾಣಲ್ಲ, ಪರದೆಯಲ್ಲಿರುವುದನ್ನು ದನಿಯಲ್ಲಿ ಓದಿ ಹೇಳುವ ಸ್ಕ್ರೀನ್ ರೀಡರ್ ಎನ್‌ವಿಡಿಎ. ಲಿಂಕ್ ತೆರೆಯುವ ತನಕ ಅದು ಚೆನ್ನಾಗಿ ಓದುತ್ತದೆ. ಆಡಿಯೋ ಸೇರಿದ ಮರುಕ್ಷಣ ಮೌನ. ಮಕ್ಕಳ ಮಾತು ನನಗೆ ಕೇಳುತ್ತದೆ, ನನ್ನದು ಅವರಿಗೆ ಕೇಳುತ್ತದೆ. ಎನ್‌ವಿಡಿಎ ಮಾತ್ರ ಇಲ್ಲ. ಯಾರು ಬಂದರು, ಯಾರು ಕೈ ಎತ್ತಿದರು, ನನ್ನ ಮೈಕ್ ಆನ್ ಇದೆಯಾ ಇಲ್ವಾ, ಏನೂ ಗೊತ್ತಾಗಲ್ಲ. ಮೊನ್ನೆ ಆಲ್ಟ್+ಎ ಒತ್ತಿದ್ದು ಮ್ಯೂಟ್ ಆಗಿತ್ತು. ಅದು ತಿಳಿಯದೆ ಭೂಪಾಲಿಯ ಆರೋಹ ಅವರೋಹ ಪೂರ್ತಿ ಹಾಡಿದೆ. ಆ ಕಡೆ ಒಂದು ಸ್ವರವೂ ಹೋಗಿರಲಿಲ್ಲ. ಕಣ್ಣಿರುವವರಿಗೆ ಪರದೆಯ ಮೇಲೆ ಕೆಂಪು ಗೆರೆ ಕಾಣುತ್ತದಂತೆ. ನನಗೆ ಕಾಣಬೇಕಾದದ್ದು ಕಿವಿಯಲ್ಲೇ ಅಲ್ವಾ?

ಕರೆ ಮುಗಿಸಿದರೆ ತಾನಾಗಿಯೇ ಮತ್ತೆ ಮಾತಾಡುತ್ತದೆ. ಎನ್‌ವಿಡಿಎ ಹೊಸ ಆವೃತ್ತಿಯೇ ಇದೆ.

ತುಮಕೂರು_ಟೆಕ್
ಇದು ಸ್ಲೀಪ್ ಮೋಡ್. ನೂರಕ್ಕೆ ನೂರು. ಝೂಮ್ ವಿಂಡೋದಲ್ಲಿದ್ದಾಗ ಇನ್ಸರ್ಟ್+ಶಿಫ್ಟ್+ಎಸ್ ಕೈತಪ್ಪಿ ಒತ್ತಿರುತ್ತದೆ. ಆ ಒಂದು ಆ್ಯಪ್‌ಗೆ ಮಾತ್ರ ಎನ್‌ವಿಡಿಎ ಮಲಗಿಬಿಡುತ್ತದೆ. ಮತ್ತೆ ಅದನ್ನೇ ಒತ್ತಿ. ಲ್ಯಾಪ್‌ಟಾಪ್ ಕೀಲಿ ವಿನ್ಯಾಸ ಇಟ್ಟುಕೊಂಡಿದ್ದರೆ ಎಸ್ ಬದಲು ಝೆಡ್.

ಧಾರವಾಡ_ಖಯಾಲ್
ಒತ್ತಿ ನೋಡಿದೆ. ಇಲ್ಲ. ಪಾಠದ ಮಧ್ಯೆ ಆಲ್ಟ್+ಟ್ಯಾಬ್ ಮಾಡಿ ನೋಟ್‌ಪ್ಯಾಡ್‌ಗೆ ಹೋದರೂ ಮೌನವೇ.

ತುಮಕೂರು_ಟೆಕ್
ಹಾಗಾದರೆ ಸ್ಪೀಚ್ ಮೋಡ್, ಅಂದರೆ ಮಾತಾಡಬೇಕಾ ಸುಮ್ಮನಿರಬೇಕಾ ಅನ್ನೋ ಸೆಟ್ಟಿಂಗ್, ಬದಲಾಗಿದೆ. ಇನ್ಸರ್ಟ್+ಎಸ್ ಒತ್ತುತ್ತಾ ಹೋಗಿ, ‘ಟಾಕ್’ ಬರುವ ತನಕ. ಆದರೂ ಸ್ಲೀಪ್ ಮೋಡ್ ಇನ್ನೊಮ್ಮೆ ನೋಡಿ ಮೇಷ್ಟ್ರೇ. ನಮ್ಮ ಆಫೀಸಿನಲ್ಲಿ ಹೀಗೇ ಆಗಿತ್ತು.

ಜಾಸ್_ಹಳಬ
ಎನ್‌ವಿಡಿಎ ಬಿಟ್ಟು ದುಡ್ಡಿನ ಸ್ಕ್ರೀನ್ ರೀಡರ್ ಜಾಸ್‌ಗೆ ಬನ್ನಿ ಅಂತ ಎಷ್ಟು ಸಲ ಹೇಳೋದು? ಝೂಮ್ ಜೊತೆ ನನಗೆ ಒಂದು ದಿನವೂ ತೊಂದರೆ ಆಗಿಲ್ಲ. ಹೊಟ್ಟೆಪಾಡಿನ ಕೆಲಸಕ್ಕೆ ದುಡ್ಡು ಕೊಟ್ಟು ತಗೊಂಡದ್ದೇ ಸರಿ.

ಬ್ರೈಲ್_ಬೆರಳು
ಆ ದುಡ್ಡು ಎಲ್ಲರ ಹತ್ತಿರ ಇರುತ್ತಾ? ಎನ್‌ವಿಡಿಎ ಶುರು ಮಾಡಿದ್ದೇ ಆಸ್ಟ್ರೇಲಿಯಾದ ಮೈಕಲ್ ಕರನ್, ಅವರಿಗೂ ದೃಷ್ಟಿಯಿಲ್ಲ. 2006ರಲ್ಲಿ, ದುಡ್ಡಿಲ್ಲದವರಿಗೂ ಸ್ಕ್ರೀನ್ ರೀಡರ್ ಸಿಗಲಿ ಅಂತಲೇ. ನಮ್ಮ ಊರುಗಳಲ್ಲಿ ಎಷ್ಟು ಜನ ಅದರಿಂದಲೇ ಓದಿ ಕೆಲಸ ಹಿಡಿದಿದ್ದಾರೆ ಗೊತ್ತಾ? ಕೇಳಿದ್ದಕ್ಕೆ ಉತ್ತರ ಕೊಡಿ, ಬದಲಾಯಿಸಿ ಅನ್ನಬೇಡಿ.

ಜಾಸ್_ಹಳಬ
ಉತ್ತರವನ್ನೇ ಕೊಟ್ಟಿದ್ದೇನೆ.

ಮಡಿಕೇರಿ_ಮಳೆ
ಮೇಷ್ಟ್ರೇ, ನನ್ನ ಅನುಮಾನ ಬೇರೆ. ಕರೆ ಬಂದಾಗ ಉಳಿದ ಸದ್ದನ್ನು ತಗ್ಗಿಸುವ ಸೆಟ್ಟಿಂಗ್ ವಿಂಡೋಸ್‌ನಲ್ಲೇ ಇದೆ. ವಿಂಡೋಸ್+ಆರ್ ಒತ್ತಿ, ಎಮ್ ಎಮ್ ಎಸ್ ವೈ ಎಸ್ ಡಾಟ್ ಸಿ ಪಿ ಎಲ್ ಅಂತ ಟೈಪ್ ಮಾಡಿ ಎಂಟರ್ ಹೊಡೆಯಿರಿ. ಕಂಟ್ರೋಲ್+ಟ್ಯಾಬ್‌ನಲ್ಲಿ ‘ಕಮ್ಯುನಿಕೇಶನ್ಸ್’ಗೆ ಹೋಗಿ. ಶೇಕಡಾ 80 ತಗ್ಗಿಸು ಅಂತ ಇರುತ್ತದೆ. ಅದನ್ನು ‘ಡು ನಥಿಂಗ್’ ಮಾಡಿ.

ಧಾರವಾಡ_ಖಯಾಲ್
ಮಾಡಿದೆ. ಪ್ರಯೋಜನ ಇಲ್ಲ. ದನಿ ಸಣ್ಣಗಾಗುವುದಲ್ಲ ಇದು, ಪೂರ್ತಿ ಹೋಗುತ್ತದೆ. ಸ್ಪೀಚ್ ಮೋಡ್ ‘ಟಾಕ್’ನಲ್ಲೇ ಇದೆ. ನಾಳೆ ಮತ್ತೆ ಪಾಠ ಇದೆ. ಅರ್ಧ ತಾಸು ಮಕ್ಕಳ ತಾಯಂದಿರು ‘ಗುರುಗಳೇ, ನೀವು ಮ್ಯೂಟ್‌ನಲ್ಲಿದ್ದೀರಿ’ ಅಂತ ಹೇಳುತ್ತಲೇ ಇರಬೇಕು.

ಸ್ವರಪ್ರೇಮಿ
ವಿಷಯ ಬೇರೆ, ಆದರೂ ಕೇಳುತ್ತೇನೆ. ಬೆಳಗ್ಗೆ 6ಕ್ಕೆ ಭೂಪಾಲಿನಾ? ಅದು ರಾತ್ರಿಯ ರಾಗ ಅಲ್ವಾ?

ಧಾರವಾಡ_ಖಯಾಲ್
ಕಲಿಯುವ ಮಕ್ಕಳಿಗೆ ಅಲ್ಲಿ ರಾತ್ರಿ ಎಂಟೂವರೆ. ರಾತ್ರಿಯ ಮೊದಲ ಪ್ರಹರವೇ ನಡೆಯುತ್ತಿರುತ್ತದೆ. ಅವರ ಹೊತ್ತಿಗೆ ಸರಿಯಾಗಿ ಹೇಳಿಕೊಡುತ್ತೇನೆ.

ಸ್ವರಪ್ರೇಮಿ
ಹಾಡುವವರ ಹೊತ್ತು ಲೆಕ್ಕ ಅಂತ ನಾನು ತಿಳಿದಿದ್ದೆ. ನೀವು ಗದಗಿನ ಪುಣ್ಯಾಶ್ರಮದಲ್ಲಿ ಕಲಿತವರಾ?

ಧಾರವಾಡ_ಖಯಾಲ್
ಹೌದು, ಪುಟ್ಟರಾಜ ಗವಾಯಿಗಳು ಇದ್ದ ಕಾಲದಲ್ಲಿ. ಅದನ್ನು ಇನ್ನೊಂದು ದಿನ ಬರೆಯುತ್ತೇನೆ. ಈಗ ಎನ್‌ವಿಡಿಎ ಮಾತಾಡಬೇಕು.

ಬ್ರೈಲ್_ಬೆರಳು
ನಾನಂತೂ ಮೀಟಿಂಗ್‌ನಲ್ಲಿ ಸ್ಪೀಚ್ ಪೂರ್ತಿ ಆಫ್ ಮಾಡಿ ಆರ್ಬಿಟ್ ರೀಡರ್ 20 ಅನ್ನೋ ಬ್ರೈಲ್ ಸಾಧನದಲ್ಲಿ ಬೆರಳಿನಿಂದ ಓದುತ್ತೇನೆ. ಇಪ್ಪತ್ತು ಸೆಲ್, ಅಂದರೆ ಒಮ್ಮೆಗೆ ಇಪ್ಪತ್ತು ಬ್ರೈಲ್ ಅಕ್ಷರ, ಸಾಕು. ಮಾತಾಡುತ್ತಾ ಇರುವಾಗಲೇ ಬೆರಳಿಗೆ ‘ಮ್ಯೂಟೆಡ್’ ಸಿಕ್ಕಿಬಿಡುತ್ತದೆ. ಪಕ್ಕದಲ್ಲಿ ಯುಎಸ್‌ಬಿ ಆಡಿಯೋ ಇಂಟರ್‌ಫೇಸ್, ಅದಕ್ಕೆ ಕಂಡೆನ್ಸರ್ ಮೈಕ್, ವಯರಿನ ಹೆಡ್‌ಫೋನ್. ಎರಡನೇ ಲ್ಯಾಪ್‌ಟಾಪ್‌ನಲ್ಲಿ ಬರೀ ಚಾಟ್. ಹಾಡುವವರಿಗೆ ಬ್ರೈಲ್‌ಗಿಂತ ಒಳ್ಳೆಯದು ಇಲ್ಲವೇ ಇಲ್ಲ.

ತುಮಕೂರು_ಟೆಕ್
ಆರ್ಬಿಟ್ ನನ್ನ ಹತ್ತಿರವೂ ಇದೆ. ಚುಕ್ಕಿ ಏಳುವಾಗ ಕರಕರ ಅನ್ನುತ್ತೆ, ಮೈಕ್‌ಗೆ ಕೇಳುತ್ತೆ.

ಬ್ರೈಲ್_ಬೆರಳು
ಮೈಕ್ ಎಲ್ಲಿ ಇಡುತ್ತೀರಿ ಅನ್ನೋದರ ಮೇಲೆ.

ಬೀದರ್_ಬೆಸುಗೆ
ಎಲ್ಲರೂ ಒಂದು ನಿಮಿಷ. ಮೇಷ್ಟ್ರೇ, ನೀವು ಇಷ್ಟು ಹೊತ್ತಾದರೂ ಹೇಳದ ಎರಡು ವಿಷಯ ಕೇಳುತ್ತೇನೆ. ಕಿವಿಗೆ ಏನು ಹಾಕಿಕೊಂಡಿರುತ್ತೀರಿ? ವಿಂಡೋಸ್ 10 ಅಥವಾ 11? ಇನ್ನೂ ಒಂದು: ಕರೆಯಲ್ಲಿ ಮಕ್ಕಳ ದನಿ ಹೇಗೆ ಕೇಳುತ್ತದೆ, ಚೆನ್ನಾಗಿ ಇದೆಯಾ?

ಧಾರವಾಡ_ಖಯಾಲ್
ಬ್ಲೂಟೂತ್ ಹೆಡ್‌ಸೆಟ್ ರೀ. ಈಗ ಎಲ್ಲರೂ ಅದನ್ನೇ ಅಲ್ವಾ ಹಾಕೋದು? ವಿಂಡೋಸ್ 10. ಮಕ್ಕಳ ದನಿ ಡಬ್ಬದೊಳಗಿಂದ ಬಂದ ಹಾಗಿರುತ್ತದೆ. ಅವರ ನೆಟ್ ಸರಿಯಿಲ್ಲ ಅಂತ ಅಂದುಕೊಂಡಿದ್ದೆ. ಎನ್‌ವಿಡಿಎ ದನಿ ಒಂದು ಕಿವಿಗೆ, ಉಳಿದ ದನಿ ಇನ್ನೊಂದಕ್ಕೆ ಹಂಚುವ ಸೌಂಡ್ ಸ್ಪ್ಲಿಟ್ ಕೂಡ ಪಾಠದಲ್ಲಿ ಕೆಲಸ ಮಾಡಲ್ಲ, ಎಲ್ಲ ದನಿ ಎರಡೂ ಕಿವಿಯಲ್ಲಿ ಬರುತ್ತದೆ.

ಬೀದರ್_ಬೆಸುಗೆ
ಸಿಕ್ಕಿತು. ಎನ್‌ವಿಡಿಎ ನಿಂತಿಲ್ಲ, ಮಾತಾಡುತ್ತಲೇ ಇದೆ. ಅದು ಮಾತಾಡುವ ದಾರಿ ಮುಚ್ಚಿದೆ.

ವಿಂಡೋಸ್ 10ರಲ್ಲಿ ನಿಮ್ಮ ಒಂದು ಹೆಡ್‌ಸೆಟ್ ಎರಡು ಸಾಧನವಾಗಿ ಕೂತಿರುತ್ತದೆ. ಒಂದು ‘ಹೆಡ್‌ಫೋನ್ಸ್, ಸ್ಟೀರಿಯೋ’. ಇನ್ನೊಂದು ‘ಹೆಡ್‌ಸೆಟ್, ಹ್ಯಾಂಡ್ಸ್‌ಫ್ರೀ’. ಎನ್‌ವಿಡಿಎ ಸ್ಟೀರಿಯೋ ದಾರಿಯಲ್ಲಿ ಮಾತಾಡುತ್ತದೆ. ಝೂಮ್ ಹೆಡ್‌ಸೆಟ್‌ನ ಮೈಕ್ ತೆರೆದ ಕೂಡಲೇ ಬ್ಲೂಟೂತ್ ಹ್ಯಾಂಡ್ಸ್‌ಫ್ರೀಗೆ ಹಾರುತ್ತದೆ, ಸ್ಟೀರಿಯೋ ಬಂದ್. ಹ್ಯಾಂಡ್ಸ್‌ಫ್ರೀ ಅಂದರೆ ಮೋನೋ, ಎರಡೂ ಕಿವಿಗೆ ಒಂದೇ ದನಿ. ಅದರ ಸ್ಯಾಂಪ್ಲಿಂಗ್, ಅಂದರೆ ದನಿಯನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನೋದು, ತೀರಾ ಕಡಿಮೆ: ಹಳೇ ಹೆಡ್‌ಸೆಟ್‌ನಲ್ಲಿ 8 ಕಿಲೋಹರ್ಟ್ಸ್, ಸ್ವಲ್ಪ ಒಳ್ಳೆಯದರಲ್ಲಿ 16. ಅದಕ್ಕೇ ಡಬ್ಬದ ದನಿ, ಅದಕ್ಕೇ ಸೌಂಡ್ ಸ್ಪ್ಲಿಟ್ ಇಲ್ಲ. ಕರೆ ಮುಗಿದರೆ ಮೈಕ್ ಮುಚ್ಚುತ್ತದೆ, ಸ್ಟೀರಿಯೋ ವಾಪಸ್.

ಹೀಗೆ ಮಾಡಿ. ಮೊದಲು ಝೂಮ್ ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ಮೈಕ್ ಅಂತ ಲ್ಯಾಪ್‌ಟಾಪಿನದನ್ನೇ ಆರಿಸಿ, ಸ್ಪೀಕರ್ ಮಾತ್ರ ಹೆಡ್‌ಫೋನ್ ಸ್ಟೀರಿಯೋ. ಆಮೇಲೆ ವಿಂಡೋಸ್+ಆರ್ ಒತ್ತಿ ‘ಕಂಟ್ರೋಲ್ ಪ್ರಿಂಟರ್ಸ್’ ಅಂತ ಇಂಗ್ಲಿಷ್‌ನಲ್ಲಿ ಟೈಪ್ ಮಾಡಿ. ಬಾಣದ ಕೀಲಿಯಲ್ಲಿ ನಿಮ್ಮ ಹೆಡ್‌ಸೆಟ್ ಹುಡುಕಿ, ಆಲ್ಟ್+ಎಂಟರ್. ಕಂಟ್ರೋಲ್+ಟ್ಯಾಬ್‌ನಲ್ಲಿ ‘ಸರ್ವೀಸಸ್’ಗೆ ಹೋಗಿ, ‘ಹ್ಯಾಂಡ್ಸ್‌ಫ್ರೀ ಟೆಲಿಫೋನಿ’ ಮೇಲೆ ಸ್ಪೇಸ್ ಒತ್ತಿ ಟಿಕ್ ತೆಗೆಯಿರಿ, ಓಕೆ ಕೊಡಿ. ಇನ್ನು ಯಾವ ಆ್ಯಪ್ ಬಂದರೂ ಆ ಮೈಕ್ ತೆರೆಯಲು ಆಗಲ್ಲ.

ತುಮಕೂರು_ಟೆಕ್
ಇದು ಸರಿ ಇರಬಹುದು. ಆದರೆ ವಿಂಡೋಸ್ 10ಕ್ಕೆ ಬೆಂಬಲ 2025ರ ಅಕ್ಟೋಬರ್ 14ಕ್ಕೇ ಮುಗಿದಿದೆ. ಮೊದಲು 11ಕ್ಕೆ ಹೋಗುವುದು ಒಳ್ಳೆಯದು.

ಬೀದರ್_ಬೆಸುಗೆ
ಹೋಗಲಿ, ನಾನೂ ಅದನ್ನೇ ಹೇಳುತ್ತೇನೆ. ಆದರೆ ನಾಳೆ ಬೆಳಗ್ಗೆ ಪಾಠ ಇದೆ.

ಧಾರವಾಡ_ಖಯಾಲ್
ಬೀದರ್‌ನವರೇ, ನಿಮ್ಮ ಕೈಗೆ ನಮಸ್ಕಾರ! ಇವತ್ತು ಪಾಠ ಪೂರ್ತಿ ಎನ್‌ವಿಡಿಎ ಮಾತಾಡಿತು. ಇನ್ಸರ್ಟ್+ಆಲ್ಟ್+ಎಸ್ ಒತ್ತಿ ಸ್ಪ್ಲಿಟ್ ಮಾಡಿದೆ. ಎಡಗಿವಿಯಲ್ಲಿ ಎನ್‌ವಿಡಿಎ, ಬಲಗಿವಿಯಲ್ಲಿ ಮಕ್ಕಳು. ಒಬ್ಬಳು ಕೈ ಎತ್ತಿದ್ದು ಎಡಗಡೆ ಕೇಳಿತು, ಹೆಸರು ಹಿಡಿದು ಕರೆದೆ. ಗುರುಗಳಿಗೆ ಹೇಗೆ ಗೊತ್ತಾಯಿತು ಅಂತ ಅವಳಿಗೆ ಆಶ್ಚರ್ಯ. ಧೈವತ ಸ್ವಲ್ಪ ಇಳಿದದ್ದೂ ಈಗ ಸ್ಪಷ್ಟವಾಗಿ ಕೇಳುತ್ತದೆ.

ಒಂದು ಹೊಸ ತೊಂದರೆ. ಎಲೆಕ್ಟ್ರಾನಿಕ್ ತಂಬೂರಿ ಮೊದಲು ಒಂದೆರಡು ಮೀಟಿಗೆ ಮಕ್ಕಳಿಗೆ ಕೇಳುತ್ತದೆ, ಆಮೇಲೆ ಮಾಯ. ನಾನು ಹಾಡಿದಾಗ ಮತ್ತೆ ತುಂಡು ತುಂಡಾಗಿ ಬರುತ್ತದಂತೆ.

ಬ್ರೈಲ್_ಬೆರಳು
ಒಂದೇ ಸಮ ಬರುವ ಸದ್ದನ್ನು ಝೂಮ್ ಫ್ಯಾನಿನ ಸದ್ದು ಅಂತ ತಿಳಿದು ತೆಗೆಯುತ್ತದೆ. ಆಡಿಯೋ ಸೆಟ್ಟಿಂಗ್ಸ್‌ನಲ್ಲಿ ‘ಒರಿಜಿನಲ್ ಸೌಂಡ್ ಫಾರ್ ಮ್ಯುಸಿಶಿಯನ್ಸ್’ ಆರಿಸಿ. ಮೀಟಿಂಗ್ ಒಳಗೂ ಅದರ ಬಟನ್ ಇದೆ, ಆನ್ ಆಗಿದೆಯಾ ನೋಡಿಕೊಳ್ಳಿ. ಲ್ಯಾಪ್‌ಟಾಪ್ ಮೈಕ್ ಆದ್ದರಿಂದ ನಿಮ್ಮ ಕೀಬೋರ್ಡ್ ಟಪಟಪವೂ ಜೊತೆಗೆ ಹೋಗುತ್ತದೆ. ಅದಕ್ಕೇ ನಾನು ಬೇರೆ ಮೈಕ್ ಇಟ್ಟುಕೊಂಡಿರೋದು, ನೀವೂ ಒಂದು ಯುಎಸ್‌ಬಿ ಮೈಕ್ ತಗೊಳ್ಳಿ.

ಮಡಿಕೇರಿ_ಮಳೆ
ಇದೇ ಜಾಗದಲ್ಲಿ ನಂದೂ ಕೇಳಿಬಿಡುತ್ತೇನೆ. ನನಗೆ ಟೀಮ್ಸ್‌ನಲ್ಲಿ ಹೀಗೇ ಆಗುತ್ತದೆ, ಆದರೆ ವಯರಿನ ಹೆಡ್‌ಸೆಟ್. ಆಗ?

ತುಮಕೂರು_ಟೆಕ್
ಸ್ಲೀಪ್ ಮೋಡ್ ನೋಡಿದಿರಾ?